ಅತ್ತೆ ಹೊಗಳಿದರೆ ಕೆಳಗಿಳಿಯಿರಿ

ಹಿಮದ ಬೆಟ್ಟಕ್ಕೆ ಮೊದಲ ಸಲ ಹೋಗುವವರಿಗೆ ಬುದ್ಧಿ ಹೇಳುವ ಜನ ಸಿಗುವುದು ಕಷ್ಟವಲ್ಲ, ಅವರ ಬಾಯಿ ಮುಚ್ಚಿಸುವುದು ಕಷ್ಟ. ಅತ್ತೆ ಹೊರಟಿದ್ದಾರೆ ಎಂಬ ಸುದ್ದಿ ಬೀದಿಗೆ ಬಿದ್ದದ್ದೇ ತಡ, ಔಷಧಿ ಅಂಗಡಿಯವನು, ಹಾಲಿನವನು, ಇಸ್ತ್ರಿಯವಳು, ಬೆಟ್ಟವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡದ ಎದುರುಮನೆ ಮುದುಕ, ಎಲ್ಲರೂ ಗೇಟಿಗೆ ಒರಗಿ ಒಂದೊಂದು ಹೇಳಿ ಹೋದರು.

"ನೀರು ಜಾಸ್ತಿ ಕುಡೀರಿ."

"ನೀರು ಕಮ್ಮಿ ಕುಡೀರಿ. ದಾರೀಲಿ ಎಲ್ಲಿ ಅಂತ ಇಳೀತೀರಿ?"

"ಹೊಸ ಶೂ ಹಾಕ್ಕೊಂಡು ಮಾತ್ರ ಹೋಗ್ಬೇಡಿ, ಹಿಮ್ಮಡಿ ಕಿತ್ತು ಬರುತ್ತೆ."

"ಒಂದೇ ದಪ್ಪ ಸ್ವೆಟರ್ ಬೇಡ. ತೆಳ್ಳಗಿರೋದು ಮೂರ್ನಾಲ್ಕು ಒಂದರ ಮೇಲೊಂದು."

"ಬ್ಯಾಟರಿ ಹಾಸಿಗೆ ಒಳಗೆ ಇಟ್ಕೊಂಡು ಮಲಗಿ. ಚಳಿಗೆ ಸತ್ತುಹೋಗುತ್ತೆ."

"ಯಾವುದು, ಬ್ಯಾಟರೀನಾ ನಾನಾ?" ಎಂದು ಅತ್ತೆ ಕೇಳಿದರು.

ಹೇಳಿದ್ದರಲ್ಲಿ ಅರ್ಧವನ್ನು ಅತ್ತೆ ಅಲ್ಲೇ ಬೈದು ಅಟ್ಟಿದರು. ಉಳಿದದ್ದನ್ನು ಕಾನೂನು ಮಾಡಿದರು. ಆ ಕಾನೂನು ಪಾಲಿಸಬೇಕಾದವಳು ಸೊಸೆ ಒಬ್ಬಳೇ. ಮಗ ಗೂಡ್ಸ್ ರೈಲಿನ ಡ್ರೈವರ್. ರಜೆ ಕೇಳಿದರೆ ಮೇಲಿನವರು ನಗುತ್ತಾರೆ ಎಂದು ಕೇಳುವುದನ್ನೇ ಬಿಟ್ಟಿದ್ದ. "ಅಮ್ಮನ ಜೊತೆ ನೀನೇ ಹೋಗಿ ಬಾ, ನಿನಗೂ ಊರು ನೋಡಿದ ಹಾಗಾಗುತ್ತೆ" ಎಂದು ಹೆಂಡತಿಗೆ ಹೇಳಿ ಊಟದ ಡಬ್ಬಿ ಹಿಡಿದು ಹೊರಟುಬಿಟ್ಟ. ಸೊಸೆ ಮನೆಯಲ್ಲೇ ಕೂತು ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಶಾಲೆ ಶುರುವಾಗಿ ಹೊಲಿಗೆಯ ಭರಾಟೆ ಮುಗಿದಿತ್ತು. ಬೇಡ ಎನ್ನಲು ಅವಳ ಹತ್ತಿರ ನೆಪವಿರಲಿಲ್ಲ. ಬೇಡ ಎನ್ನುವ ಮನಸ್ಸೂ ಪೂರ್ತಿ ಇರಲಿಲ್ಲ.

ಅತ್ತೆಗೆ ಬೆಟ್ಟದ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಮಾವ ತೀರಿಕೊಂಡ ಮೇಲೆ ಅವರ ಕೆಲಸ ಅತ್ತೆಗೆ ಬಂದಿತ್ತು. ಊರಿನ ಪಂಪ್‌ಹೌಸಿನಲ್ಲಿ ನೀರು ಬಿಡುವ ಕೆಲಸ. ಯಾವ ಬೀದಿಗೆ ಎಷ್ಟು ಹೊತ್ತು, ಯಾವ ವಾಲ್ವನ್ನು ಎಷ್ಟು ಸುತ್ತು, ಎಲ್ಲ ಅವರ ಕೈಯಲ್ಲಿತ್ತು. ನೆಲಕ್ಕೆ ಮೊಣಕಾಲೂರಿ ಪೈಪಿಗೆ ಕಿವಿ ಹಚ್ಚಿ, "ಆ ಬೇಕರಿ ಮುಂದೆ ಅಗೀರಿ, ಅಲ್ಲಿ ಸೋರ್ತಿದೆ" ಎಂದರೆ ಅಲ್ಲಿಯೇ ಸೋರುತ್ತಿತ್ತು. ರಿಟೈರ್ ಆದ ಮೇಲೆ ಅವರ ತಲೆ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ: ಊರ ಪಕ್ಕದ ಹೊಳೆ ಆ ಬೆಟ್ಟದ ಹಿಮದಿಂದ ಬರುತ್ತದಂತೆ, ಆದರೆ ಶುರುವಾಗುವುದು ಹೇಗೆ? "ಜೀವಮಾನವಿಡೀ ಕೊನೇ ನಲ್ಲಿ ಕಾಯ್ದೆ, ಮೊದಲನೇ ನಲ್ಲಿ ಎಲ್ಲಿದೆ ಅಂತ ನೋಡ್ಬಾರದಾ?" ಎನ್ನುತ್ತಿದ್ದರು.

ಸೋರಿಕೆ ಹುಡುಕುವ ಅಭ್ಯಾಸ ಮಾತ್ರ ರಿಟೈರ್ ಆಗಿರಲಿಲ್ಲ. ಈಗ ಅದು ಸೊಸೆಯ ಮೇಲೆ ತಿರುಗಿತ್ತು. ಬಟನ್ ಸಡಿಲ, ಸಾರು ನೀರು, ಬಾಗಿಲು ಹಾಕಿದ ಸದ್ದು ಜಾಸ್ತಿ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳನ್ನು ಕರೆಯುತ್ತಿದ್ದದ್ದು "ಏ ಇವಳೇ" ಎಂದೇ. ಅದರಲ್ಲಿ ದ್ವೇಷವಿರಲಿಲ್ಲ ಎಂಬುದು ಸೊಸೆಗೆ ಗೊತ್ತಿತ್ತು. ಪ್ರೀತಿಯಿತ್ತೆಂದೂ ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿರಲಿಲ್ಲ.

ರೈಲು, ಬಸ್ಸು, ಆಮೇಲೆ ಬಾಡಿಗೆ ಜೀಪು. ಜೀಪಿನಲ್ಲಿ ಇನ್ನೊಂದು ಜೋಡಿ ಇತ್ತು. ಗಂಡನ ಕೊರಳಲ್ಲಿ ಎರಡು ಕ್ಯಾಮೆರಾ, ಹೆಂಡತಿಯ ಮಡಿಲಲ್ಲಿ ಅವುಗಳ ಚೀಲ. ಅರ್ಧ ದಾರಿಯಲ್ಲಿ ಹೊಳೆಗೆ ದೊಡ್ಡ ಸೇತುವೆ ಇರುವ ಊರು. ಎತ್ತರ ಅಭ್ಯಾಸವಾಗಲಿ ಎಂದು ಅಲ್ಲಿ ಎರಡು ರಾತ್ರಿ ತಂಗಿ, ಏನೂ ಮಾಡದೆ ಬಿದ್ದುಕೊಂಡಿರಬೇಕು ಎಂದು ಜೀಪಿನ ಡ್ರೈವರ್ ಹೇಳಿದ. ಕ್ಯಾಮೆರಾದವನು ಮುಖ ಗಂಟಿಕ್ಕಿದ. ಅತ್ತೆ ಮಾತ್ರ ಡ್ರೈವರ್‌ನ ಪಕ್ಷ.

"ಖಾಲಿ ಪೈಪಿಗೆ ಒಂದೇ ಸಲ ನೀರು ಬಿಟ್ರೆ ಜಾಯಿಂಟ್ ಕಿತ್ಕೊಳ್ಳುತ್ತೆ. ಮೆಲ್ಲಗೆ ತುಂಬಬೇಕು. ಮನುಷ್ಯನೂ ಹಾಗೇ ಅಂತ ಇಟ್ಕೊಳ್ಳಿ."

"ನಿಮ್ಮ ಅತ್ತೆ ಇಂಜಿನಿಯರಾ?" ಎಂದು ಕ್ಯಾಮೆರಾದವನ ಹೆಂಡತಿ ಪಿಸುಗುಟ್ಟಿದಳು.

"ಅಲ್ಲ. ಆದ್ರೆ ಇಂಜಿನಿಯರ್‌ಗಳನ್ನ ಬೈತಿದ್ರು," ಎಂದಳು ಸೊಸೆ.

ಮೂರನೆಯ ದಿನ ಮೇಲೆ ಹೊರಟರು. ತಿರುವಿನ ಮೇಲೆ ತಿರುವು. ಕಿವಿ ಕಟ್ಟಿಕೊಳ್ಳುವುದು, ಎಂಜಲು ನುಂಗಿದರೆ ಟಪ್ ಎಂದು ಬಿಡುವುದು. ಚೀಲದಲ್ಲಿದ್ದ ಚಿಪ್ಸ್ ಪೊಟ್ಟಣ ಬಲೂನಿನಂತೆ ಊದಿಕೊಂಡಿತ್ತು. ಸೊಸೆ ಅದನ್ನು ಹೊರಗೆ ತೆಗೆದು ಹೆದರಿ ದೂರ ಹಿಡಿದಳು.

"ಕೊಡಿಲ್ಲಿ," ಎಂದು ಅತ್ತೆ ಕಸಿದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಒಳಗಿರೋದು ನಮ್ಮೂರಿನ ಗಾಳಿ. ಹೊರಗೆ ಇಲ್ಲಿನ ಗಾಳಿ, ತೆಳ್ಳಗೆ. ಒತ್ತೋಕೆ ಶಕ್ತಿ ಇಲ್ಲ ಇದಕ್ಕೆ. ಏ ಇವಳೇ, ಒಡೀಬೇಡ. ಎಷ್ಟು ಊದುತ್ತೆ ನೋಡೋಣ."

ಊರು ಸಿಗುವವರೆಗೆ ಅತ್ತೆ ಆ ಪೊಟ್ಟಣವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮೇಲಿನ ಊರೆಂದರೆ ಕಲ್ಲಿನ ಹತ್ತಿಪ್ಪತ್ತು ಮನೆ, ಮರದ ನೆಲದ ಒಂದು ಲಾಡ್ಜು. ಇಲ್ಲಿಂದ ಜೀಪಿನ ದಾರಿ ಇನ್ನೊಂದಷ್ಟು ದೂರ, ಅಲ್ಲಿಂದ ಕಾಲುದಾರಿ, ಅದರ ತುದಿಯಲ್ಲಿ ಹೊಳೆಯ ಹುಟ್ಟು. ಮರುದಿನ ಹೋಗುವುದೆಂದಾಯಿತು. ಬಂದ ಸಂಜೆಯೇ ಅತ್ತೆ ಲಾಡ್ಜಿನ ಯಜಮಾನಿಯ ಜೊತೆ ಜಗಳ ತೆಗೆದರು. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು.

"ವಾಷರ್ ಹೋಗಿದೆ. ಹಾಕಿಸೋಕಾಗಲ್ವೇನಮ್ಮಾ?"

"ಹೊಳೆ ಹುಟ್ಟೋ ಊರಲ್ಲಿ ನೀರಿಗೆ ಬರ ಇಲ್ಲ ಕಣಮ್ಮಾ, ತೊಟ್ಟಿಕ್ಕಲಿ ಬಿಡಿ," ಎಂದು ಯಜಮಾನಿ ನಕ್ಕಳು.

"ನಿಮ್ಮಂಥೋರು ಮೇಲಿದ್ರೆ ಕೆಳಗಿನೋರ ಗತಿ ಅಷ್ಟೇ," ಎಂದು ಅತ್ತೆ ನಲ್ಲಿಗೆ ಬಟ್ಟೆ ಸುತ್ತಿ ಬಿಗಿದು ಕಟ್ಟಿದರು. ಕಂಬಳಿಗೆ ವಾಸನೆ, ದೀಪಕ್ಕೆ ಬೆಳಕಿಲ್ಲ, ಸೊಸೆ ಕಿಟಕಿ ಹಾಕಿದ್ದು ಸರಿಯಿಲ್ಲ ಎಂದು ಹೇಳುತ್ತಲೇ ನಿದ್ದೆ ಹೋದರು.

ಬೆಳಿಗ್ಗೆ ಸೊಸೆ ಎದ್ದಾಗ ಅತ್ತೆ ಆಗಲೇ ಹಾಸಿಗೆಯ ಅಂಚಿಗೆ ಕೂತಿದ್ದರು. ಯಜಮಾನಿ ತಂದುಕೊಟ್ಟ ಟೀ ಆರಿ ತಣ್ಣಗಾಗಿತ್ತು. ಅತ್ತೆ ಒಂದು ಗುಟುಕು ಕುಡಿದು, "ಚೆನ್ನಾಗಿದೆ" ಎಂದರು.

ಸೊಸೆ ತನ್ನ ಲೋಟದಿಂದ ಒಂದು ಗುಟುಕು ಹೀರಿದಳು. ಚೆನ್ನಾಗಿರಲಿಲ್ಲ.

"ಈ ಜೇಬು ನೀನೇ ಇಟ್ಟಿದ್ದಾ?" ಅತ್ತೆ ತಮ್ಮ ಸ್ವೆಟರಿನ ಒಳಗಡೆ ಕೈಯಾಡಿಸಿದರು. ಬ್ಯಾಟರಿ ಬೆಚ್ಚಗಿರಲಿ ಎಂದು ಸೊಸೆ ಅಲ್ಲಿ ಒಂದು ಒಳಜೇಬು ಹೊಲಿದುಕೊಟ್ಟಿದ್ದಳು. ಕೊಟ್ಟ ದಿನ, ಜೇಬು ಸೊಟ್ಟ ಎಂದಿದ್ದರು. "ಎಷ್ಟು ನೀಟಾಗಿದೆ ಪುಟ್ಟಾ. ನಿನ್ನ ಕೈ ಚೆನ್ನಾಗಿದೆ."

ಪುಟ್ಟಾ.

ಸೊಸೆ ಹಾಗೇ ಕೂತುಬಿಟ್ಟಳು. ಅವಳಿಗೆ ಖುಷಿಯಾಯಿತು. ಇಷ್ಟಕ್ಕೇ ಇಷ್ಟು ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಬೆಟ್ಟ ನೋಡಿದರೆ ಮನುಷ್ಯರು ಮೆತ್ತಗಾಗುತ್ತಾರೆಂದು ಬೀದಿಯಲ್ಲಿ ಯಾರೋ ಹೇಳಿದ್ದರು, ಅದನ್ನು ಅತ್ತೆ ಆಗ ಮೂಗು ಮುರಿದು ತಳ್ಳಿಹಾಕಿದ್ದರು. ನಿಜವಿರಬಹುದೇ? ಇನ್ನೇನಾದರೂ ಹೇಳುತ್ತಾರೇನೋ ಎಂದು ಅವಳು ಬೇಕಂತಲೇ ಹೊರಡಲು ತಡಮಾಡಿದಳು. ಅತ್ತೆ ಹೇಳಿದರು ಕೂಡ. ಕಂಬಳಿ ಬೆಚ್ಚಗಿತ್ತು. ಯಜಮಾನಿ ಒಳ್ಳೆಯ ಹೆಂಗಸು. ಮಗ ಪುಣ್ಯ ಮಾಡಿದ್ದ, ನಿನ್ನಂಥವಳು ಸಿಕ್ಕಿದಳು.

ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ಬಂದು ಕೂತರು. ಬಚ್ಚಲಲ್ಲಿ ನೀರು ಸುರಿಯುತ್ತಲೇ ಇತ್ತು.

ಸೊಸೆ ಒಂದು ಗಳಿಗೆ ಕಾದಳು. ಅತ್ತೆ ಏಳಲಿಲ್ಲ. ಸುರಿಯುವ ನೀರಿನ ಸದ್ದು ಪಕ್ಕದ ಕೋಣೆಯವರಿಗೂ ಕೇಳುವಷ್ಟಿತ್ತು. ಬೀದಿಯಾಚೆ ನಲ್ಲಿ ತೊಟ್ಟಿಕ್ಕಿದರೆ ನಿದ್ದೆಯಿಂದ ಏಳುತ್ತಿದ್ದ ಹೆಂಗಸು ಕೈ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಮುಗುಳ್ನಗುತ್ತಿದ್ದರು. ಸೊಸೆಯೇ ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದಳು.

"ಅತ್ತೆ, ತಲೆ ನೋಯ್ತಿದೆಯಾ?"

"ಇಲ್ಲ ಪುಟ್ಟಾ."

"ವಾಂತಿ ಬಂದ ಹಾಗೆ?"

"ಏನಿಲ್ಲ. ಆರಾಮಾಗಿದೀನಿ."

ಬೀದಿಯವರು ಹೇಳಿದ್ದು, ಡ್ರೈವರ್ ಹೇಳಿದ್ದು, ಅತ್ತೆಯೇ ದಾರಿಯುದ್ದಕ್ಕೂ ಗಿಳಿಪಾಠದ ಹಾಗೆ ಒಪ್ಪಿಸಿದ್ದು, ಎಲ್ಲವನ್ನೂ ಅವಳು ನೆನಪು ಮಾಡಿಕೊಂಡಳು. ತಲೆನೋವು ಬಂದರೆ ಹೇಳಿ. ಉಸಿರು ಕಟ್ಟಿದರೆ ಹೇಳಿ. ಹಸಿವಾಗದಿದ್ದರೆ ಹೇಳಿ. ಮನುಷ್ಯರು ಒಳ್ಳೆಯವರಾದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಅವಳು ಕೋಣೆಯ ಹೊರಗೆ ಬಂದು ನಿಂತಳು. ಕೆಳಗೆ ಇಳಿಸಿದರೆ ಅತ್ತೆ ಇಷ್ಟು ದೂರ ಬಂದದ್ದು ನೀರಲ್ಲಿ ಹೋಮ. ಏನೂ ಆಗಿರದಿದ್ದರೆ, ಇರುವಷ್ಟು ದಿನ ಅದನ್ನೇ ಹೇಳಿ ಹಂಗಿಸುತ್ತಾರೆ. ಇವೆರಡಕ್ಕಿಂತ ಕೆಟ್ಟ ಇನ್ನೊಂದು ಯೋಚನೆಯೂ ಅವಳಿಗೆ ಬಂತು: ಈ ಅತ್ತೆ ಇನ್ನೊಂದು ದಿನ ಇರಲಿ. ಒಂದೇ ದಿನ. ಬಂದ ಯೋಚನೆಯನ್ನು ಅವಳು ನೋಡಿದಳು, ನೋಡಿ ಪಕ್ಕಕ್ಕಿಟ್ಟಳು. ಒಳಗೆ ಹೋಗಿ ಚೀಲ ಕಟ್ಟತೊಡಗಿದಳು.

ಅಂಗಳದಲ್ಲಿ ಡ್ರೈವರ್ ಜೀಪಿನ ಗಾಜು ಒರೆಸುತ್ತಿದ್ದ. ಕ್ಯಾಮೆರಾದ ಜೋಡಿ ಶೂ ಕಟ್ಟಿಕೊಂಡು ತಯಾರಾಗಿತ್ತು.

"ಅತ್ತೆಗೆ ಹುಷಾರಿಲ್ಲ. ಕೆಳಗೆ ಹೋಗ್ಬೇಕು," ಎಂದಳು ಸೊಸೆ.

"ಏನಾಗಿದೆ?"

"ನನ್ನ ಹೊಗಳ್ತಿದಾರೆ."

ಡ್ರೈವರ್ ಒರೆಸುವ ಬಟ್ಟೆ ಕೆಳಗಿಟ್ಟ. "ಏನಂದ್ರಿ?"

"ನನ್ನ ಹೊಲಿಗೆ ಚೆನ್ನಾಗಿದೆ ಅಂದ್ರು. ಪುಟ್ಟಾ ಅಂದ್ರು. ಟೀ ಚೆನ್ನಾಗಿದೆ ಅಂದ್ರು."

"ಅಯ್ಯೋ, ಟೀ ಚೆನ್ನಾಗೇ ಇತ್ತಲ್ಲ!" ಎಂದು ಯಜಮಾನಿ ಅಡುಗೆಮನೆಯಿಂದ ಕೂಗಿದಳು.

"ನಮ್ಮತ್ತೆ ಒಂದು ಸಲ ನನ್ನ ಹೊಗಳಿದ್ರೆ ನಾನು ಊರಿಗೆಲ್ಲ ಊಟ ಹಾಕಿಸ್ತೀನಿ," ಎಂದ ಡ್ರೈವರ್. "ನೀವು ಜೀಪು ಕೇಳ್ತಿದೀರಿ."

ಕ್ಯಾಮೆರಾದವನು ಗಂಟಲು ಸರಿಮಾಡಿಕೊಂಡ. "ನೋಡಮ್ಮಾ, ಅವರಿಗೆ ತಲೆನೋವಿಲ್ಲ, ವಾಂತಿ ಇಲ್ಲ. ಮನಸ್ಸಿಗೆ ಹಾಯಾಗಿದೆ ಅಷ್ಟೆ. ಇವತ್ತು ಹೋಗ್ಲಿಲ್ಲ ಅಂದ್ರೆ ಈ ಬಿಸಿಲು ಮತ್ತೆ ಸಿಗಲ್ಲ."

"ನಲ್ಲಿ ಬಿಟ್ಟು ಬಂದ್ರು," ಎಂದಳು ಸೊಸೆ. ಇದರ ಅರ್ಥ ಇವರಿಗೆ ಹೇಗೆ ಹೇಳುವುದು? "ನಿಮಗೆ ಗೊತ್ತಾಗಲ್ಲ. ಒಳಗೆ ಕೂತಿರೋದು ನಮ್ಮತ್ತೆ ಅಲ್ಲ."

ಯಜಮಾನಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನಗು ಹೋಗಿತ್ತು. "ಒಂದು ಕೆಲಸ ಮಾಡಿ. ನೆಲದ ಹಲಗೆ ಗೆರೆ ಇದೆಯಲ್ಲ, ಅದರ ಮೇಲೆ ನಡೆಸಿ ನೋಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಬೇಕು, ಹಾಗೆ. ಇಲ್ಲಿ ನಾವು ಎಲ್ಲರಿಗೂ ಅದನ್ನೇ ಮಾಡ್ಸೋದು."

ಎಲ್ಲರೂ ಅತ್ತೆಯ ಕೋಣೆಗೆ ಬಂದರು. "ನಡೀಬೇಕಾ? ಆಗಲಿ," ಎಂದು ಅತ್ತೆ ಎದ್ದುನಿಂತರು. ಟ್ಯಾಂಕಿನ ಕಟ್ಟೆಯ ಮೇಲೆ, ಒಂದು ಕೈಯಲ್ಲಿ ಟಾರ್ಚು ಇನ್ನೊಂದರಲ್ಲಿ ಸ್ಪ್ಯಾನರ್ ಹಿಡಿದು ಓಡಾಡಿದ್ದ ಕಾಲುಗಳು. ಮೊದಲ ಹೆಜ್ಜೆ ಗೆರೆಯ ಮೇಲೆ ಬಿತ್ತು. ಎರಡನೆಯದು ಪಕ್ಕಕ್ಕೆ. ಮೂರನೆಯದಕ್ಕೆ ಅತ್ತೆ ಕುಡಿದವರ ಹಾಗೆ ವಾಲಿ, ಬಾಗಿಲ ಚೌಕಟ್ಟು ಹಿಡಿದು, ತಮಾಷೆ ನೋಡಿದವರಂತೆ ನಕ್ಕರು.

ಡ್ರೈವರ್ ಮರುಮಾತಾಡದೆ ಕೀಲಿ ತೆಗೆದುಕೊಂಡ. ಕ್ಯಾಮೆರಾದವನು ತಾನೇ ಅತ್ತೆ ಸೊಸೆಯರ ಚೀಲ ಹೊತ್ತು ತಂದು ಜೀಪಿಗಿಟ್ಟ, ತಾವಿಬ್ಬರೂ ಇಲ್ಲೇ ಇರುತ್ತೇವೆ ಎಂದ.

"ಅತ್ತೆ, ಕೆಳಗೆ ಹೋಗ್ತಿದೀವಿ. ಹೊಳೆ ಹುಟ್ಟೋದನ್ನ ನೋಡೋಕಾಗಲ್ಲ," ಎಂದಳು ಸೊಸೆ. ಬೈಯಲಿ ಎಂದು ಕಾದಳು.

"ನೀನು ಹೇಳಿದ ಹಾಗೆ ಪುಟ್ಟಾ," ಎಂದರು ಅತ್ತೆ.

ಅವಳಿಗೆ ನಿಜವಾಗಿ ಜೀವ ಬಾಯಿಗೆ ಬಂದದ್ದು ಆಗಲೇ.

ಇಳಿಯುವ ದಾರಿಯಲ್ಲಿ ಅತ್ತೆ ಎರಡು ಸಲ ವಾಂತಿ ಮಾಡಿಕೊಂಡರು, ಸೊಸೆಯನ್ನು ತಮ್ಮ ತೀರಿಕೊಂಡ ಅಕ್ಕನ ಹೆಸರು ಹಿಡಿದು ಕರೆದರು, ಆಮೇಲೆ ತೂಕಡಿಸತೊಡಗಿದರು. ಸೊಸೆ ಅವರನ್ನು ತೂಕಡಿಸಲು ಬಿಡದೆ ಪೈಪು, ವಾಲ್ವು, ಬೇಕರಿ ಎಂದು ಏನೇನೋ ಕೇಳುತ್ತಾ ಬಂದಳು. ಸೇತುವೆಯ ಊರಿನ ಆಸ್ಪತ್ರೆಯಲ್ಲಿ ಇದ್ದದ್ದು ನಾಲ್ಕು ಹಾಸಿಗೆ, ಒಬ್ಬ ಡಾಕ್ಟರು, ಒಬ್ಬಳು ನರ್ಸು. ಮೂಗಿಗೆ ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಕೊಟ್ಟರು. ಮಿದುಳಿಗೆ ನೀರು ಸೇರುವುದರಲ್ಲಿತ್ತು, ಇವತ್ತೂ ಮೇಲೆಯೇ ಇಟ್ಟುಕೊಂಡಿದ್ದರೆ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಊರಿಗೆಲ್ಲ ನೀರು ಬಿಟ್ಟವರ ತಲೆಗೇ ನೀರು ನುಗ್ಗಿತಲ್ಲ ಎಂದು ಡ್ರೈವರ್ ಹೊರಗೆ ನಿಂತು ಬಾಯಿ ಹಾಕಿದ, ಯಾರೂ ನಗಲಿಲ್ಲ.

ಸಂಜೆ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ನರ್ಸಿಗೆ ಬೆರಳು ತೋರಿಸಿದರು.

"ಆ ಸಿಲಿಂಡರ್ ಬಾಯಿ ಹತ್ರ ಸೋರ್ತಿದೆ."

ನರ್ಸು ಹೋಗಿ ನೋಡಿದಳು. ನಟ್ಟು ಸಡಿಲವಾಗಿತ್ತು. ಸೊಸೆ ಹೊರಗಿನ ಬೆಂಚಿನ ಮೇಲೆ ಕೂತು ಆ ದಿನದ ಮೊದಲ ಊಟ ಮಾಡಿದಳು.

ಮರುದಿನ ಬೆಳಿಗ್ಗೆ ಅತ್ತೆಗೆ ಪೂರ್ತಿ ಎಚ್ಚರವಿತ್ತು, ಪೂರ್ತಿ ಸಿಟ್ಟೂ ಇತ್ತು.

"ಯಾರನ್ನ ಕೇಳಿ ಕೆಳಗೆ ತಂದೆ?"

"ನಿಮ್ಮನ್ನೇ ಕೇಳಿದೆ. ನೀನು ಹೇಳಿದ ಹಾಗೆ ಅಂದ್ರಿ."

"ನಾನಾ? ನೀನು ಹೇಳಿದ ಹಾಗೆ ಅಂದ್ನಾ?" ಅತ್ತೆ ಅನುಮಾನದಿಂದ ನೋಡಿದರು. "ಇನ್ನೇನಂದೆ?"

ಸುಳ್ಳು ಹೇಳಬಹುದಿತ್ತು. ಸೊಸೆ ಹೇಳಲಿಲ್ಲ. "ನನ್ನ ಹೊಲಿಗೆ ನೀಟಾಗಿದೆ ಅಂದ್ರಿ. ನಿಮ್ಮ ಮಗ ಪುಣ್ಯ ಮಾಡಿದ್ದ, ನನ್ನಂಥವಳು ಸಿಕ್ಕಿದಳು ಅಂದ್ರಿ."

ಅತ್ತೆ ಸ್ವೆಟರಿನ ಒಳಜೇಬಿಗೆ ಕೈ ಹಾಕಿ ಹೊಲಿಗೆಯನ್ನು ಬೆರಳಿನಿಂದ ತಡವಿ ನೋಡಿದರು. ಅಂದು ಹೊಗಳಿದ್ದು ನಿಜವಾಗಿ ಮನಸ್ಸಿನಲ್ಲಿದ್ದ ಮಾತೋ, ಗಾಳಿ ಸಾಲದೆ ಬಂದ ಮಾತೋ ಎಂದು ಸೊಸೆ ಅವರ ಮುಖ ನೋಡಿದಳು.

"ಅಷ್ಟು ಜೋರಾಗಿತ್ತಾ ಕಾಯಿಲೆ?" ಎಂದರು ಅತ್ತೆ.

ಸೊಸೆಗೆ ನಗು ತಡೆಯಲಾಗಲಿಲ್ಲ. ನರ್ಸು ಬಾಗಿಲಲ್ಲಿ ಇಣುಕಿ ಹೋಗುವಷ್ಟು ನಕ್ಕಳು. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ.

ಈ ಸಲ ಮತ್ತೆ ಮೇಲೆ ಹೋಗುವ ಹಾಗಿಲ್ಲ ಎಂದು ಡಾಕ್ಟರು ಹೇಳಿದಾಗ ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು. ಮಧ್ಯಾಹ್ನದ ಊಟವನ್ನು ನರ್ಸು ಹಾಗೇ ವಾಪಸ್ ಒಯ್ದಳು. ಆಮೇಲೆ ಆ ಕಡೆಗೇ ಮುಖ ಮಾಡಿಕೊಂಡು ಕೇಳಿದರು:

"ಡ್ರೈವರ್ ಮೇಲೆ ಹೋಗ್ತಾನಾ?"

"ನಾಳೆ ಬೆಳಿಗ್ಗೆ ಹೋಗ್ತಾನೆ. ಕ್ಯಾಮೆರಾದವರನ್ನ ಕರ್ಕೊಂಡು ಬರೋಕೆ."

"ನೀನೂ ಹೋಗು."

"ನಿಮ್ಮನ್ನ ಬಿಟ್ಟು?"

"ನರ್ಸ್ ಇದಾಳೆ. ಅವಳಿಗೂ ಸಿಲಿಂಡರ್ ನಟ್ಟು ಬಿಗಿಯೋದು ಕಲಿಸಿದ ಹಾಗಾಗುತ್ತೆ. ಹೋಗಿ ನೋಡ್ಕೊಂಡು ಬಾ. ಸುಮ್ನೆ ಬಾಯಿ ಬಿಟ್ಕೊಂಡು ನೋಡ್ಬೇಡ. ಮೇಲಿಂದ ಬೀಳುತ್ತಾ, ಕೆಳಗಿಂದ ಉಕ್ಕುತ್ತಾ, ಬಾಯಿ ಎಷ್ಟು ಅಗಲ, ಸದ್ದು ಹೇಗೆ, ಎಲ್ಲ ನೋಡು. ಮತ್ತೆ ನಿನಗೆ ತಲೆ ತಿರುಗಿದ್ರೆ ತಕ್ಷಣ ವಾಪಸ್ ಬಾ. ನಿನ್ನನ್ನ ಇಳಿಸೋಕೆ ಅಲ್ಲಿ ನಾನಿರಲ್ಲ."

ಸೊಸೆ ಹೋದಳು. ಜೀಪಿನ ದಾರಿ ಮುಗಿದ ಮೇಲೆ, ಡ್ರೈವರ್ ತೋರಿಸಿದ ಕಾಲುದಾರಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಾ ನಡೆದಳು. ಅವಳ ಮನಸ್ಸಿನಲ್ಲಿದ್ದದ್ದು ಬೆಳ್ಳಗಿನ ಹಿಮದ ಗೋಡೆ, ಅದರಲ್ಲೊಂದು ಬಾಯಿ, ಅದರಿಂದ ಸ್ಫಟಿಕದಂಥ ನೀರು. ಅಲ್ಲಿದ್ದದ್ದು ಮಣ್ಣು ಮೆತ್ತಿದ ಕೊಳಕು ಮಂಜುಗಡ್ಡೆ ಮತ್ತು ಕಲ್ಲುರಾಶಿ. ಮೋಸ ಹೋದೆನೆಂದು ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಅತ್ತೆ ಕೇಳುತ್ತಾರಲ್ಲ ಎಂದು, ಮೊಣಕಾಲೂರಿ ಕೂತು ಕಲ್ಲುಗಳ ನಡುವೆ ನೋಡತೊಡಗಿದಳು. ಅಲ್ಲೊಂದು ಎಳೆ, ಇಲ್ಲೊಂದು ಎಳೆ. ಒಂದು ಕಲ್ಲು ಸರಿಸಿದರೆ ಅದರಡಿಯಲ್ಲಿ ಇನ್ನೊಂದು. ನೆಲಕ್ಕೆ ಕಿವಿ ಹಚ್ಚಿದಳು. ಎಲ್ಲಿ ಹಚ್ಚಿದರೂ ಒಳಗೆ ನೀರು ಮಾತಾಡುತ್ತಿತ್ತು. ಡ್ರೈವರ್ ದೂರದಿಂದ ಕೂಗಿ ಕರೆಯುವವರೆಗೆ ಅವಳು ಅಲ್ಲಿ ಮಣ್ಣಾಟವಾಡುವ ಮಗುವಿನ ಹಾಗೆ ಕಲ್ಲು ಎತ್ತಿ ಎತ್ತಿ ನೋಡುತ್ತಲೇ ಇದ್ದಳು.

ಸಂಜೆ ಬಂದು ಅತ್ತೆಯ ಹಾಸಿಗೆಯ ಪಕ್ಕ ಕೂತಳು.

"ಒಂದು ಬಾಯಿ ಅಂತ ಇಲ್ಲ ಅತ್ತೆ. ಎಲ್ಲಾ ಕಡೆಯಿಂದ ಬರುತ್ತೆ. ಕಲ್ಲಿನ ಸಂದಿ, ಐಸಿನ ಅಡಿ, ನೀವು ನಿಂತ ಜಾಗದ ಕೆಳಗೂ."

"ಬಣ್ಣ?"

"ಸಿಮೆಂಟ್ ಕೈ ತೊಳೆದ ನೀರಿನ ಹಾಗೆ."

"ಒಂದೇ ಒಂದು ದೊಡ್ಡದು ಇಲ್ವೇ ಇಲ್ವಾ? ಸರಿಯಾಗಿ ನೋಡಿದ್ಯಾ?"

"ಮಂಡಿ ಹರಿದುಕೊಂಡು ನೋಡಿದೀನಿ," ಎಂದು ಅವಳು ಬಟ್ಟೆ ತೋರಿಸಿದಳು.

ಅತ್ತೆ ಚಾವಣಿ ನೋಡುತ್ತಾ ಮಲಗಿದರು. "ಅಂದ್ರೆ ಸೋರಿಕೆ."

"ಹೂಂ. ಸೋರಿಕೇನೇ."

"ಇಷ್ಟು ವರ್ಷ ನಾನು ಸೋರಿಕೆ ಮುಚ್ತಾ ಬಂದೆ. ಊರು ಕುಡಿದಿದ್ದೇ ಸೋರಿಕೆ." ಅವರು ಗಂಟಲಲ್ಲೇ ಒಂದು ಸಲ ನಕ್ಕರು. "ಸರಿ, ರಾತ್ರಿ? ರಾತ್ರಿನೂ ಇಷ್ಟೇ ಬರುತ್ತಾ?"

"ಅದು ಗೊತ್ತಿಲ್ಲ. ನಾನು ಹೋಗಿದ್ದು ಹಗಲು."

"ಯಾರನ್ನಾದ್ರೂ ಕೇಳ್ಬಾರದಾ?"

"ಯಾರನ್ನ ಕೇಳಲಿ? ಕಲ್ಲನ್ನಾ?"

ಮರುದಿನ ಬೆಳಿಗ್ಗೆ ಊರಿಗೆ ಹೊರಡುವುದೆಂದಾಗಿತ್ತು. ಬಸ್‌ಸ್ಟ್ಯಾಂಡಿಗೆ ಬಿಡಲು ಡ್ರೈವರ್ ಬಂದು ನಿಂತಿದ್ದ, ಚೀಲ ಜೀಪು ಹತ್ತಿತ್ತು, ಅತ್ತೆ ಮಾತ್ರ ನಾಪತ್ತೆ. ಹಾಸಿಗೆ ಖಾಲಿ, ಬಚ್ಚಲು ಖಾಲಿ. ಸೊಸೆ ಕಾಲಿಗೆ ಸಿಕ್ಕಿದ ಚಪ್ಪಲಿ ಹಾಕಿಕೊಂಡು ಓಡಿದಳು. ಅತ್ತೆ ಸೇತುವೆಯ ಮಧ್ಯದಲ್ಲಿ ಕಂಬಿಯ ಮೇಲೆ ಅರ್ಧ ದೇಹ ಹೊರಗೆ ಹಾಕಿ ಬಗ್ಗಿದ್ದರು.

"ಅತ್ತೆ!"

"ಕೂಗ್ಬೇಡ. ಇಲ್ಲಿ ಬಾ. ಆ ಕಂಬದ ಕಲ್ಲು ನೋಡು. ಒದ್ದೆ ಎಲ್ಲಿವರೆಗಿದೆ?"

ಸೊಸೆ ಬಗ್ಗಿ ನೋಡಿದಳು. ಹೊಳೆಯ ನೀರಿನಿಂದ ಒಂದು ಮೊಳ ಮೇಲಿನವರೆಗೂ ಕಂಬ ಕಪ್ಪಗೆ ಒದ್ದೆಯಾಗಿತ್ತು.

"ನೀರು ಕೆಳಗಿದೆ. ಒದ್ದೆ ಮೇಲಿದೆ."

"ಅಂದ್ರೆ ಅಲ್ಲಿವರೆಗೆ ಇದ್ದ ನೀರು ಈಗ ಇಳಿದಿದೆ. ರಾತ್ರಿ ಮೇಲೆ ಯಾರೋ ವಾಲ್ವ್ ತಿರುಗಿಸ್ತಾರೆ."

"ಚಳಿ, ಅತ್ತೆ," ಎಂದಳು ಸೊಸೆ. ಹೇಳುವಾಗಲೇ ಅವಳಿಗೂ ಹೊಳೆಯುತ್ತಿತ್ತು. "ರಾತ್ರಿ ಚಳಿಗೆ ಐಸ್ ಕರಗಲ್ಲ. ಬಿಸಿಲು ಬಂದ ಮೇಲೆ ಕರಗುತ್ತೆ. ಆ ನೀರು ಇಲ್ಲಿಗೆ ಬರೋ ಹೊತ್ತಿಗೆ…"

"ಎಷ್ಟು ಹೊತ್ತಿಗೆ?"

"ಗೊತ್ತಿಲ್ಲ. ಮಧ್ಯಾಹ್ನ? ಸಂಜೆ?"

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹೊಗಳಲಿಲ್ಲ. "ಊಹೆ ಹೊಡೀಬೇಡ. ಒಂದು ಗುರುತು ಹುಡುಕು. ಅಲ್ಲಿ ಬಿಳೀ ಕಲ್ಲಿದೆಯಲ್ಲ, ಅದು ಮುಳುಗುತ್ತಾ ನೋಡೋಣ."

"ಬಸ್ಸು?"

"ಬಸ್ಸು ನಾಳೆನೂ ಇರುತ್ತೆ."

ಜೀಪಿನ ಹಾರ್ನು ಎರಡು ಸಲ ಕೂಗಿತು. ಸೊಸೆ ತಿರುಗಿ ಡ್ರೈವರ್‌ಗೆ ಹೋಗು ಎಂದು ಕೈಬೀಸಿದಳು. ಅವನು ಚೀಲ ತೋರಿಸಿ ಏನೋ ಕೂಗಿದ. ಅವಳಿಗೆ ಕೇಳಿಸಲಿಲ್ಲ. ಅವಳಾಗಲೇ ಕಂಬಿಗೆ ಹೊಟ್ಟೆಯೂರಿ ಬಗ್ಗಿದ್ದಳು.

"ಆ ಬಿಳೀದು ಬೇಡ ಅತ್ತೆ, ಅದು ತೀರಾ ಎತ್ತರ. ಅದರ ಎಡಕ್ಕೆ, ಸೀಳಿರೋದು ಒಂದಿದೆ ನೋಡಿ. ಅದನ್ನಿಟ್ಟುಕೊಳ್ಳೋಣ."